ನಿಲ್ಲಲಿಕ್ಕೆ ಎಷ್ಟು ಖರ್ಚುಂಟು?

ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ ವಾಶಿಯಿಂದ ಪಾಮ್ ಬೀಚ್ ರಸ್ತೆ ಹಿಡಿದು ಮನೆಗೆ ಬರುತ್ತಿದ್ದೆ. ಸಣ್ಣ ಮಳೆ. ಸೀವುಡ್ಸ್ ಹತ್ತಿರದ ಸಿಗ್ನಲ್ ಕೆಂಪಾಯಿತು, ಬ್ರೇಕ್ ಒತ್ತಿದೆ. ಪೆಡಲ್ ನಡುಗಿತು, ವೇಗ ಇಳಿಯಿತು, ಆದರೆ ಕಾರು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಎದುರಿಗೆ ಒಂದು ಸ್ಕೂಟರ್, ಹಿಂದಿನ ಸೀಟಿನಲ್ಲಿ ಟ್ಯೂಷನ್ ಬ್ಯಾಗ್ ಹಾಕಿಕೊಂಡ ಹುಡುಗ. ಅವನ ಬ್ಯಾಗಿಗೂ ನನ್ನ ಬಂಪರಿಗೂ ಒಂದು ಗೇಣು ಉಳಿದಿರುವಾಗ ನಿಂತಿತು. ಹುಡುಗ ತಿರುಗಿಯೂ ನೋಡಲಿಲ್ಲ. ಹಸಿರು ಬಂದು ಹಿಂದಿನವರು ಹಾರ್ನ್ ಹೊಡೆದರೂ ಬ್ರೇಕಿನ ಮೇಲಿಂದ ಕಾಲು ತೆಗೆಯಲು ನನಗೆ ಆಗಲಿಲ್ಲ.

ಇದನ್ನು ಅಪಘಾತ ತಪ್ಪಿದ ಅದೃಷ್ಟದ ಕಥೆಯಾಗಿ ಹೇಳುತ್ತಿಲ್ಲ. ಅದಕ್ಕೆ ಮೂರು ವಾರ ಮೊದಲೇ ತುರ್ಭೆಯ ಗ್ಯಾರೇಜಿನಲ್ಲಿ ನನಗೆ ಎಲ್ಲವನ್ನೂ ಹೇಳಿದ್ದರು: ಮುಂದಿನ ಡಿಸ್ಕ್ ಸವೆದಿವೆ, ಟೈರಿನ ರಬ್ಬರ್ ಗಟ್ಟಿಯಾಗಿದೆ, ಮಳೆಗೆ ಮೊದಲೇ ಬದಲಾಯಿಸಿ. ಒಂದು ದೊಡ್ಡ ಅನುವಾದದ ಹಣ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ನೋಡೋಣ ಎಂದುಕೊಂಡಿದ್ದೆ. ಪದಕ್ಕಿಷ್ಟು ಎಂದು ಲೆಕ್ಕ ಹಾಕಿ ಬದುಕುವ ನಮ್ಮಂಥವರಿಗೆ ‘ಬಂದ ಮೇಲೆ ನೋಡೋಣ’ ಎನ್ನುವುದು ಅಭ್ಯಾಸ. ಆದರೆ ಆ ಸಂಜೆ ಆ ಅಭ್ಯಾಸದ ಬೆಲೆ ಕೊಡಬೇಕಾಗಿದ್ದವನು ಸ್ಕೂಟರಿನ ಹುಡುಗ.

ಕಾರಿನ ಕಂಪನಿಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಒಂಬತ್ತು ವರ್ಷ ಹಳೆಯ ಟರ್ಬೊ ಪೆಟ್ರೋಲ್ ಸೆಡಾನ್, ಓಡಿದ್ದು 1,18,000 ಕಿಲೋಮೀಟರ್, ಡೊಂಬಿವಲಿಯ ಒಬ್ಬ ದಲ್ಲಾಳಿಯ ಮೂಲಕ ಆರೂವರೆ ಲಕ್ಷಕ್ಕೆ ತೆಗೆದುಕೊಂಡೆ. ನಾನು ನಾಲ್ಕನೆಯ ಮಾಲೀಕ ಸ್ಥಾನ. ಹೊಸದರಲ್ಲಿ ಅದರ ಬೆಲೆ ಇಪ್ಪತ್ತು ಲಕ್ಷದ ಮೇಲೆ.

ಇಂಥ ಕಾರುಗಳ ಆಸೆ ನಮ್ಮಲ್ಲಿ ತೀರ ಹಳೆಯದೇನಲ್ಲ. 2004ರಲ್ಲಿ ಸ್ಕೋಡಾ 150 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್ ತಂದಾಗ ಟರ್ಬೊ ಪೆಟ್ರೋಲ್ ಎನ್ನುವ ಮಾತೇ ನಮ್ಮ ರಸ್ತೆಗೆ ಹೊಸದು. 2017ರಲ್ಲಿ ಅದೇ ಹೆಸರಿನ ಕಾರು 230 ಅಶ್ವಶಕ್ತಿಯೊಂದಿಗೆ ಬಂದಾಗ ಶೋರೂಮ್ ಬೆಲೆ 24.62 ಲಕ್ಷ. 2020ರಲ್ಲಿ 245 ಅಶ್ವಶಕ್ತಿಯದು 35.99 ಲಕ್ಷಕ್ಕೆ ಬಂತು, ಅದೂ ಇನ್ನೂರೇ ಕಾರು. ಆಗ ಕನಸಿನಲ್ಲೂ ಕೊಳ್ಳಲಾಗದಿದ್ದ ನಾವು, ಅಂಥ ಕಾರುಗಳು ಮೂರನೆಯ ಕೈಗೆ ಬರುವ ಹೊತ್ತಿಗೆ ಕೊಳ್ಳಬಲ್ಲವರಾಗುತ್ತೇವೆ. ಮೋಸ ಇರುವುದು ಇಲ್ಲೇ. ಕಾರಿನ ಬೆಲೆ ವರ್ಷವರ್ಷ ಇಳಿಯುತ್ತದೆ, ಅದರ ಬ್ರೇಕ್ ಡಿಸ್ಕಿನ ಬೆಲೆ ಇಳಿಯುವುದಿಲ್ಲ. ಆರೂವರೆ ಲಕ್ಷ ಕೊಟ್ಟು ತಂದರೂ ಅದು ಕೇಳುವುದು ಇಪ್ಪತ್ತು ಲಕ್ಷದ ಕಾರಿನ ಊಟವನ್ನೇ.

ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳೇ ಬೇರೆ. ‘ಮೈಲೇಜ್’ ಎಂದರೆ ನಮ್ಮಲ್ಲಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದು. ಓಡಿದ ದೂರಕ್ಕೆ ‘ರನ್ನಿಂಗ್’ ಎನ್ನುತ್ತೇವೆ. ರನ್ನಿಂಗ್ ಕಡಿಮೆ ಇದ್ದರೆ ಒಳ್ಳೆಯ ಕಾರು, ಹೆಚ್ಚಿದ್ದರೆ ಕೆಟ್ಟದ್ದು ಎಂದು ಎಲ್ಲರೂ ನಂಬಿರುವುದರಿಂದಲೇ ಮೀಟರ್ ಹಿಂದಕ್ಕೆ ತಿರುಗಿಸುವ ಕಸುಬು ಬದುಕಿದೆ. ಐವತ್ತು ಸಾವಿರ ಓಡಿ ಒಂದು ಬಿಲ್ಲೂ ಇಲ್ಲದ ಕಾರಿಗಿಂತ, ಒಂದೂಕಾಲು ಲಕ್ಷ ಓಡಿ ಪ್ರತಿ ಆಯಿಲ್ ಬದಲಾವಣೆಗೂ ಬಿಲ್ ಇರುವ ಕಾರನ್ನು ನಾನು ಕಣ್ಣು ಮುಚ್ಚಿ ಆರಿಸುತ್ತೇನೆ. ಬಿಲ್ಲುಗಳಲ್ಲಿ ತಾರೀಖಿನ ಜೊತೆ ಕಿಲೋಮೀಟರ್ ಬರೆದಿರುತ್ತದೆ, ಸಾಲಾಗಿ ಜೋಡಿಸಿ ಓದಿದರೆ ಸುಳ್ಳು ಎಲ್ಲಿ ಸೇರಿದೆ ಎಂದು ತಾನೇ ಗೊತ್ತಾಗುತ್ತದೆ. ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ದರೆ ಇನ್ನೂ ಒಳ್ಳೆಯದು. ಹಲವು ಕಾರುಗಳಲ್ಲಿ ಮೀಟರಿನ ಹೊರತಾಗಿ ಬೇರೆ ಯೂನಿಟ್ಟುಗಳೂ ಓಡಿದ ದೂರವನ್ನು ನೆನಪಿಟ್ಟುಕೊಂಡಿರುತ್ತವೆ.

ಇಲ್ಲಿಯ ದಲ್ಲಾಳಿಗಳ ಬಾಯಲ್ಲಿ ಒಂದು ವಾಕ್ಯ ಸದಾ ಇರುತ್ತದೆ: ‘ಏಕ್ ರುಪಯೇ ಕಾ ಭೀ ಕಾಮ್ ನಹೀ.’ ಒಂದು ರುಪಾಯಿಯ ಕೆಲಸವೂ ಬಾಕಿ ಇಲ್ಲ ಎಂದು ಅವರ ಅರ್ಥ. ಅನುವಾದವೇ ನನ್ನ ಹೊಟ್ಟೆಪಾಡಾದ್ದರಿಂದ ಈಗ ಅದನ್ನು ಸರಿಯಾಗಿ ಅನುವಾದಿಸಬಲ್ಲೆ: ಮಾರುವವರು ಇತ್ತೀಚೆಗೆ ಒಂದು ರುಪಾಯಿಯನ್ನೂ ಖರ್ಚು ಮಾಡಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಮೊದಲು ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2317 ಎಂದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಅಳತೆಯ ಕೊನೆಯಲ್ಲಿರುವ ಅಕ್ಷರ ವೇಗದ ಮಿತಿ: ಟಿ ಎಂದರೆ ಗಂಟೆಗೆ 190 ಕಿಲೋಮೀಟರ್, ವಿ ಎಂದರೆ 240, ಡಬ್ಲ್ಯು ಎಂದರೆ 270. ಡಬ್ಲ್ಯು ಇರಬೇಕಾದ ಕಡೆ ಟಿ ಕಂಡರೆ, ಅಥವಾ ನಾಲ್ಕೂ ಬೇರೆ ಬೇರೆ ಕಂಪನಿಯದಾದರೆ, ಹಿಂದಿನ ಮಾಲೀಕರು ಕಣ್ಣಿಗೆ ಕಾಣದ ಕಡೆಯೂ ಹಾಗೆಯೇ ಉಳಿಸಿದ್ದಾರೆ ಎಂದು ತಿಳಿಯಿರಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ಕೊನೆಯಲ್ಲಿ ಮಣ್ಣಿನ ಗೆರೆ ಇದ್ದರೆ ಅದು ನೀರಿನಲ್ಲಿ ಮುಳುಗಿದ್ದ ಕಾರು. 2005ರ ಜುಲೈ 26ನ್ನು ಕಂಡ ಊರಿನಲ್ಲಿ ಇದನ್ನು ಹೆಚ್ಚು ಹೇಳಬೇಕಿಲ್ಲ. ಲಿಫ್ಟಿನ ಮೇಲೇರಿಸಿ ತಳ ನೋಡಿ, ಖಾಡಿಯ ಪಕ್ಕ ಒಂಬತ್ತು ವರ್ಷ ನಿಂತ ಕಾರಿನ ತಳದಲ್ಲಿ ತುಕ್ಕು ಸುಮ್ಮನೆ ಇರುವುದಿಲ್ಲ.

ಕೊಂಡ ಮೇಲಿನ ಲೆಕ್ಕ ಇನ್ನೊಂದು. ಆ ಸಂಜೆಯ ಮರುದಿನ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟೆ. ಗ್ಯಾರೇಜಿನ ಹಿರಿಯರು ಉಡುಪಿ ಕಡೆಯವರು, ನಲವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಬೈಯಲಿಲ್ಲ. “ಕಾರು ಓಡ್ತದೆ ಅಂತ ತೆಕ್ಕೊಂಡ್ರಿ. ನಿಲ್ಲಲಿಕ್ಕೆ ಎಷ್ಟು ಖರ್ಚುಂಟು ಅಂತ ಕೇಳಿದ್ರಾ?” ಎಂದಷ್ಟೇ ಕೇಳಿದರು. ಕೇಳಿರಲಿಲ್ಲ. ನಾಲ್ಕು ಟೈರಿಗೆ 48,000, ಡಿಸ್ಕ್ ಮತ್ತು ಪ್ಯಾಡಿಗೆ 38,000, ಲೋಯರ್ ಆರ್ಮ್ ಮತ್ತು ಬುಷ್‌ಗಳಿಗೆ 32,000, ಇನ್‌ಟೇಕ್ ವಾಲ್ವಿನ ಕಾರ್ಬನ್ ತೆಗೆಯಲು 16,000, ಗೇರ್‌ಬಾಕ್ಸ್ ಆಯಿಲಿಗೆ 14,000. ಒಟ್ಟು 1,48,000. ಕಾರಿನ ಬೆಲೆಯ ಕಾಲುಭಾಗಕ್ಕೆ ಹತ್ತಿರ.

ಇದರಲ್ಲಿ ಯಾವುದೂ ದಿಢೀರನೆ ಕೆಟ್ಟದ್ದಲ್ಲ, ಎಲ್ಲವೂ ಬರಬೇಕಾಗಿದ್ದ ಖರ್ಚೇ. ಇಂಥ ಎಂಜಿನ್ನಿನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಕ್ಕೆ ಹೋಗುವುದರಿಂದ ಇನ್‌ಟೇಕ್ ವಾಲ್ವನ್ನು ತೊಳೆಯುವವರಿಲ್ಲ, ಕಾರ್ಬನ್ ಕಟ್ಟಿಯೇ ಕಟ್ಟುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಹಿಂದಿನ ಮೂವರು ಮುಂದೂಡಿದ್ದನ್ನೆಲ್ಲ ನಾನು ರಿಯಾಯಿತಿ ಎಂದುಕೊಂಡು ಕೊಂಡಿದ್ದೆ. ಕೈಯಲ್ಲಿರುವ ಹಣದ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಕಾರು ಹುಡುಕಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಆಗ ಬರುವ ಕಾರು ಇಷ್ಟವಾಗದಿದ್ದರೆ ಇನ್ನೊಂದು ವರ್ಷ ಹಾರ್ಬರ್ ಲೈನಿನಲ್ಲೇ ಓಡಾಡಿ.

ಇಷ್ಟು ಹೇಳಿ ಮುಗಿಸಿದರೆ ಇದು ಕೊಳ್ಳುವವರಿಗೆ ಕೊಟ್ಟ ಬುದ್ಧಿಮಾತಾಗುತ್ತದೆ ಅಷ್ಟೆ. ಸ್ಕೂಟರಿನ ಹುಡುಗನಿಗೆ ನನ್ನ ಬುದ್ಧಿಯನ್ನೇ ನಂಬಿಕೊಳ್ಳಿ ಎನ್ನಲಾಗುವುದಿಲ್ಲ. ಈ ಕಾರು ನನ್ನ ಹೆಸರಿಗೆ ಬಂದಾಗ ಫಾರ್ಮ್ 29, ಫಾರ್ಮ್ 30, ವಿಮೆ, ಪಿಯುಸಿ ಎಲ್ಲ ಬೇಕಾಯಿತು, ಕಾರನ್ನು ಮಾತ್ರ ಯಾರೂ ನೋಡಬೇಕಾಗಲಿಲ್ಲ. ಇದು ಕಚೇರಿಯ ತಪ್ಪಲ್ಲ, ನಿಯಮ ಕೇಳುವುದೇ ಇಲ್ಲ. ಟ್ಯಾಕ್ಸಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ ಇದೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೂ ಹೊಗೆ ಪರೀಕ್ಷೆ ಬಿಟ್ಟರೆ ಬೇರೇನೂ ಇಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷದ ನಂತರ ಪ್ರತಿವರ್ಷ, ಜರ್ಮನಿ ಮತ್ತು ಜಪಾನಿನಲ್ಲಿ ಮೂರು ವರ್ಷದ ನಂತರ ಎರಡು ವರ್ಷಕ್ಕೊಮ್ಮೆ ಖಾಸಗಿ ಕಾರೂ ಪರೀಕ್ಷೆಗೆ ಹೋಗಬೇಕು.

ಅಷ್ಟೆಲ್ಲ ಬೇಡ. ಕಾರು ಕೈ ಬದಲಾಯಿಸುವಾಗ ಒಮ್ಮೆ ಬ್ರೇಕ್, ಟೈರ್, ಸಸ್ಪೆನ್ಷನ್, ದೀಪ ಈ ನಾಲ್ಕನ್ನು ನೋಡಲಿ, ಖರ್ಚು ಮಾರುವವರದ್ದಾಗಲಿ. ಲಂಚಕ್ಕೆ ಇನ್ನೊಂದು ಕಿಟಕಿ ತೆರೆದಂತಾಗುತ್ತದೆ ಎಂದು ನನ್ನ ಗೆಳೆಯರು ಹೇಳುತ್ತಾರೆ. ಭಯ ಸುಳ್ಳಲ್ಲ. ಆದರೆ ಬ್ರೇಕನ್ನು ರೋಲರಿನ ಮೇಲೆ ಅಳೆಯುವ ಯಂತ್ರಗಳು ವಾಣಿಜ್ಯ ವಾಹನಗಳಿಗಾಗಿ ಈಗಾಗಲೇ ಬರುತ್ತಿವೆ, ಅಂಕಿಯನ್ನು ಯಂತ್ರವೇ ಬರೆಯಲಿ. ನೋಡುವ ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2022ರ ಡಿಸೆಂಬರಿನಲ್ಲಿ ಸಮೃದ್ಧಿ ಮಹಾಮಾರ್ಗದ ಮೊದಲ ಹಂತ ತೆರೆದ ಮೇಲೆ ಟೈರ್ ಸಿಡಿದ ಅಪಘಾತಗಳು ಸಾಲಾಗಿ ನಡೆದವು, ಮರುವರ್ಷ ಸಾರಿಗೆ ಇಲಾಖೆ ಟೈರ್ ಸವೆದ ವಾಹನಗಳನ್ನು ಒಳಗೆ ಬಿಡದೆ ವಾಪಸ್ ಕಳಿಸಿತು.

ಹಣ ಕಡಿಮೆ ಇರುವವರು ವೇಗದ ಕಾರಿನ ಆಸೆ ಪಡಬಾರದೇ ಎಂದು ಕೇಳಬಹುದು. ಪಡಬೇಕು, ನಾನೂ ಪಟ್ಟೆ, ಇನ್ನೂ ಅದೇ ಕಾರನ್ನು ಓಡಿಸುತ್ತಿದ್ದೇನೆ. ಪುಣೆ ದಾಟಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಎಂದು ಊರಿನ ಕಡೆ ಇಳಿಯುವಾಗ ಅದರ ಎಂಜಿನ್ನಿನ ಸದ್ದು ನನಗೆ ಈಗಲೂ ಸಂತೋಷ. ಆದರೆ ವೇಗ ಎರಡರಷ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕರಷ್ಟು. ಅದನ್ನು ನಿಲ್ಲಿಸುವ ಸಾಮಾನಿಗೆ ದುಡ್ಡಿಲ್ಲದ ತಿಂಗಳು ಕಾರನ್ನು ಸೊಸೈಟಿಯ ಪಾರ್ಕಿಂಗಿನಲ್ಲೇ ಬಿಡುತ್ತೇನೆ. ಈ ವರ್ಷ ಮಾರ್ಚಿನಲ್ಲಿ ಹಾಗೆ ಹದಿನೆಂಟು ದಿನ ಬಿಟ್ಟಿದ್ದೆ. ಹಿಂದಿನ ಪ್ಯಾಡ್ ಹಾಕಿಸಿದ ಮೇಲೆಯೇ ಕೀ ತೆಗೆದುಕೊಂಡದ್ದು.