ಅತಿಥಿ ಉಪನ್ಯಾಸಕ್ಕೆ ಉಳಿದ 35 ನಿಮಿಷ

ಎರಡನೇ ಶನಿವಾರ ಕೋರ್ಟಿಗೆ ರಜೆ. ಲಾ ಕಾಲೇಜುಗಳ ಕಾರ್ಯಾಗಾರ, ಅತಿಥಿ ಉಪನ್ಯಾಸಗಳು ಹೆಚ್ಚಾಗಿ ನಡೆಯೋದು ಅವತ್ತೇ. ವಕೀಲರು ಬಿಡುವಾಗಿರ್ತಾರೆ, ಅದೃಷ್ಟ ಇದ್ದರೆ ನ್ಯಾಯಾಧೀಶರೂ ಸಿಗ್ತಾರೆ. ಕಳೆದ ಕೆಲವು ವರ್ಷಗಳಿಂದ ನನ್ನನ್ನೂ ಹೀಗೆ ಕರೀತಾರೆ. ಸಂತೋಷವಾಗಿಯೇ ಹೋಗ್ತೀನಿ. ಆದರೆ ಈ ಕಾರ್ಯಕ್ರಮಗಳು ಯಾರಿಗಾಗಿ ನಡೆಯುತ್ತವೆ ಅನ್ನೋ ಪ್ರಶ್ನೆ ಮಾತ್ರ ಪ್ರತಿ ಸಲ ನನ್ನ ಜತೆ ಬಸ್ಸಲ್ಲಿ ವಾಪಸ್ ಬರುತ್ತೆ.

ಒಂದು ಕಾಲೇಜಿನಲ್ಲಿ ಗಡಿಯಾರ ನೋಡಿಕೊಂಡೇ ಕೂತಿದ್ದೆ. ಹನ್ನೊಂದಕ್ಕೆ ಅಂದಿದ್ದು ಹನ್ನೊಂದೂವರೆಗೆ ಶುರುವಾಯ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಪ್ರಾಸ್ತಾವಿಕ ನುಡಿ. ಆಮೇಲೆ ಅತಿಥಿಗಳ ಪರಿಚಯ. ನನ್ನ ಬಯೋಡೇಟಾ ಓದೋಕೆ ಎಂಟು ನಿಮಿಷ, ನಾನು ಹೈಸ್ಕೂಲ್ ಓದಿದ ಊರೂ ಅದರಲ್ಲಿ ಬಂತು. ಶಾಲು, ಹಾರ, ಸ್ಮರಣಿಕೆ. ಕೊನೆಗೆ ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಬೇರೆ ಇವೆ. ಇವೆಲ್ಲದರ ಮಧ್ಯೆ ಉಪನ್ಯಾಸಕ್ಕೆ ಉಳಿದಿದ್ದು 35 ನಿಮಿಷ. ಪ್ರಶ್ನೋತ್ತರಕ್ಕೆ ಸೊನ್ನೆ, ಯಾಕಂದ್ರೆ ಅಷ್ಟೊತ್ತಿಗೆ ಊಟದ ವಾಸನೆ ಬರ್ತಿತ್ತು.

ಕಾಲೇಜಿನವರನ್ನೇ ಬೈದು ಪ್ರಯೋಜನವಿಲ್ಲ. ನ್ಯಾಕ್ ಕಮಿಟಿ ಬಂದಾಗ ತೋರಿಸೋಕೆ ಅವರಿಗೆ ಜಿಯೋಟ್ಯಾಗ್ ಫೋಟೋ ಬೇಕು, ವರದಿ ಬೇಕು, ಹಾಜರಾತಿ ಪಟ್ಟಿ ಬೇಕು. ವಿದ್ಯಾರ್ಥಿಗಳಿಗೆ ರೆಸ್ಯೂಮೆಗೆ ಸರ್ಟಿಫಿಕೇಟ್ ಬೇಕು. ಅತಿಥಿಗೆ, ಸುಳ್ಳು ಯಾಕೆ, ಶಾಲು ಇಷ್ಟವೇ. ಎಲ್ಲರಿಗೂ ಏನೋ ಒಂದು ಸಿಗುತ್ತೆ, ಕಲಿಕೆ ಒಂದನ್ನು ಬಿಟ್ಟು.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಮೇಲೆ ಇದು ಇನ್ನೂ ಜೋರಾಗಿದೆ. ಎಲ್ಲಿ ನೋಡಿದರೂ ಅದರದೇ ಕಾರ್ಯಾಗಾರ. ಅತಿಥಿಗಳು ಪರದೆ ಮೇಲೆ ಪಟ್ಟಿ ಹಾಕ್ತಾರೆ: ಹಳೆಯ 302 ಈಗ 103, ಹಳೆಯ 420 ಈಗ 318. ಅದನ್ನ ಫೋನಲ್ಲಿ ಒಂದು ನಿಮಿಷದಲ್ಲಿ ಹುಡುಕಬಹುದು. ವಿದ್ಯಾರ್ಥಿಗೆ ತಲೆಬಿಸಿ ಆಗೋದು ಬೇರೆ ಕಡೆ. ಜೂನ್ 2024ರಲ್ಲಿ ಹೊಡೆದಾಟ ಆಯ್ತು, ಆಗಸ್ಟ್‌ನಲ್ಲಿ ಎಫ್‌ಐಆರ್ ಆಯ್ತು ಅಂದ್ಕೊಳ್ಳಿ. ಯಾವ ಕಾನೂನು? ಅಪರಾಧ ನಡೆದ ದಿನ ನೋಡಿ ಕಲಂ ಹಳೆಯ ಐಪಿಸಿಯದ್ದು, ತನಿಖೆಯ ವಿಧಾನ ಮಾತ್ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯದ್ದು. ಇಂಥದ್ದೊಂದು ಉದಾಹರಣೆ ಇಟ್ಟುಕೊಂಡು ಅರ್ಧ ಗಂಟೆ ಚರ್ಚೆ ಮಾಡಿದರೆ ಆ ಪಟ್ಟಿ ತಾನಾಗೇ ಅರ್ಥವಾಗುತ್ತೆ.

ನಾನು ಈಗ ಭಾಷಣ ಬಿಟ್ಟು ಕಾಗದ ಒಯ್ಯೋಕೆ ಶುರು ಮಾಡಿದ್ದೀನಿ. ಹೆಚ್ಚಾಗಿ ಚೆಕ್ ಬೌನ್ಸ್ ಕೇಸಿನದು: ಹೆಸರು ಅಳಿಸಿದ ಚೆಕ್ಕಿನ ಜೆರಾಕ್ಸ್, ಬ್ಯಾಂಕಿನ ರಿಟರ್ನ್ ಮೆಮೊ, ಒಂದು ಖಾಲಿ ಹಾಳೆ. ನಾಲ್ಕು ನಾಲ್ಕು ಜನ ಕೂತು ನೋಟಿಸ್ ಬರೀಬೇಕು. ಕಲಂ 138 ಎಲ್ಲರಿಗೂ ಬಾಯಿಪಾಠ. ಆದರೆ ಆ 30 ದಿನ ಯಾವತ್ತಿಂದ ಎಣಿಸಬೇಕು ಅಂದ ಕೂಡಲೇ ತರಗತಿ ಎರಡು ಪಾಲು. ಚೆಕ್ಕಿನ ತಾರೀಖಿನಿಂದ ಅಂತ ಒಂದು ಗುಂಪು. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ ದಿನದಿಂದ ಅಂತ ಇನ್ನೊಂದು. ಎರಡನೆಯವರೇ ಸರಿ. ನೋಟಿಸ್ ತಲುಪಿದ ಮೇಲೆ ಹಣ ಕೊಡೋಕೆ 15 ದಿನ, ಆ ಗಡುವು ಮುಗಿದ ಮೇಲೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಬೆರಳು ಮಡಚಿ ಎಣಿಸಿದ್ದು ಮರೆಯಲ್ಲ.

ಆಮೇಲೆ ಮೊತ್ತ. ಚೆಕ್ ಇರೋದು 1,80,000 ರೂಪಾಯಿಗೆ. ಒಂದು ಗುಂಪು ಬಡ್ಡಿ, ಮಾನಸಿಕ ಹಿಂಸೆ, ವಕೀಲರ ಫೀಸು ಎಲ್ಲ ಸೇರಿಸಿ ಒಂದೇ ಸಾಲಿನಲ್ಲಿ ಎರಡೂವರೆ ಲಕ್ಷ ಕೇಳಿತ್ತು. ಚೆಕ್ಕಿನ ಮೊತ್ತವನ್ನು ಬೇರೆಯಾಗಿ, ಸ್ಪಷ್ಟವಾಗಿ ಕೇಳದಿದ್ದರೆ ನೋಟಿಸೇ ಬಿದ್ದುಹೋಗಬಹುದು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು. ಅಲ್ಲಿ ಪೆಟ್ಟು ಬೀಳೋದು ವಕೀಲರಿಗಲ್ಲ, ದುಡ್ಡು ಕಳ್ಕೊಂಡಿರೋ ಕಕ್ಷಿದಾರನಿಗೆ.

ಇದರ ಜತೆ ಭಾಷೆಯ ವಿಷಯ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಸರಿ. ತಾಲ್ಲೂಕು ಕೋರ್ಟಿನಲ್ಲಿ ಎಫ್‌ಐಆರ್, ದೋಷಾರೋಪಣ ಪಟ್ಟಿ, ಪಹಣಿ, ಸಾಕ್ಷಿ ಹೇಳಿಕೆ ಎಲ್ಲ ಕನ್ನಡದಲ್ಲೇ ಕೈಗೆ ಬರುತ್ತೆ. ನಮ್ಮ ಉಪನ್ಯಾಸಗಳು ಮಾತ್ರ ಪೂರ್ತಿ ಇಂಗ್ಲಿಷ್. ಐದು ವರ್ಷ ಓದಿದ ಹುಡುಗ ಸಾಂವಿಧಾನಿಕ ನೈತಿಕತೆ ಬಗ್ಗೆ ಇಂಗ್ಲಿಷಲ್ಲಿ ಚೆನ್ನಾಗಿ ಮಾತಾಡ್ತಾನೆ, ಕ್ರಯಪತ್ರದ ಚೆಕ್ಕುಬಂದಿ ಓದು ಅಂದರೆ ತಡವರಿಸ್ತಾನೆ. ಜಮೀನಿನ ನಾಲ್ಕು ದಿಕ್ಕಿಗೆ ಏನಿದೆ ಅಂತ ಗೊತ್ತಾಗದೆ ದಾವಾ ಹಾಕೋದು ಹೇಗೆ?

ನಾನು ಕೇಳಿದ ಅತ್ಯುತ್ತಮ ಅತಿಥಿ ಉಪನ್ಯಾಸ ಯಾವ ಹಿರಿಯ ವಕೀಲರದ್ದೂ ಅಲ್ಲ, ನಿವೃತ್ತ ಶಿರಸ್ತೇದಾರರೊಬ್ಬರದ್ದು. ವಕಾಲತ್ತಿಗೆ ಎಲ್ಲಿ ಸಹಿ ಬೇಕು, ಕೋರ್ಟ್ ಶುಲ್ಕ ಹೇಗೆ ಲೆಕ್ಕ ಹಾಕ್ತಾರೆ, ಆಫೀಸ್ ಆಬ್ಜೆಕ್ಷನ್ ಯಾಕೆ ಬೀಳುತ್ತೆ ಅಂತ ಒಂದೂವರೆ ಗಂಟೆ ಮಾತಾಡಿದರು. ‘ನೀವು ಪುಟಸಂಖ್ಯೆ ಹಾಕದೆ ಕೊಟ್ಟ ಫೈಲು ನನ್ನ ಟೇಬಲ್ ಮೇಲೆ ಮಲಗುತ್ತೆ ಮಕ್ಕಳೇ, ಕಕ್ಷಿದಾರನಿಗೆ ನಿದ್ದೆ ಬರಲ್ಲ’ ಅಂದರು. ಯಾರೂ ಫೋನ್ ಮುಟ್ಟಲಿಲ್ಲ. ಅವರನ್ನು ಕರೆಸಿದ್ದ ಪ್ರಾಧ್ಯಾಪಕಿಗೆ ನನ್ನ ಒಂದು ಸಲಾಮು. ಕೋರ್ಟ್ ಅಮೀನರನ್ನೂ ಒಮ್ಮೆ ಕರೆಸಿ ಅಂತ ಅವರಿಗೆ ಹೇಳಿ ಬಂದಿದ್ದೀನಿ. ಸಮನ್ಸ್ ಜಾರಿ ಮಾಡೋಕೆ ಹೋದಾಗ ಜನ ಎಲ್ಲೆಲ್ಲಿ ಅಡಗ್ತಾರೆ ಅಂತ ಅವರ ಬಾಯಲ್ಲೇ ಕೇಳಬೇಕು.

ಹೋದ ವರ್ಷ ಒಂದು ಕಾರ್ಯಾಗಾರದಲ್ಲಿ ಕೊನೆ ವರ್ಷದ ಹುಡುಗಿಯೊಬ್ಬಳು ಎದ್ದು, ‘ಮೇಡಂ, ಜೂನಿಯರ್ ಆಗಿ ಸೇರಿದರೆ ತಿಂಗಳಿಗೆ ಎಷ್ಟು ಕೊಡ್ತಾರೆ?’ ಅಂದಳು. ಮೈಕ್ ಹಿಡಿದವರು ತಕ್ಷಣ, ‘ವಿಷಯಕ್ಕೆ ಸಂಬಂಧಪಟ್ಟಿದ್ದು ಕೇಳಮ್ಮ’ ಅಂದರು. ಅವತ್ತಿನ ವಿಷಯ ಏನು ಗೊತ್ತಾ? ನ್ಯಾಯ ಎಲ್ಲರ ಕೈಗೆಟುಕುವುದು ಹೇಗೆ ಅಂತ!

ನಾನು ಉತ್ತರ ಕೊಟ್ಟೆ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿ, ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಬರೀ ಪೆಟ್ರೋಲ್ ಖರ್ಚು ಕೊಡೋ ಆಫೀಸುಗಳಿವೆ, ಏನೂ ಕೊಡದವೂ ಇವೆ ಅಂತ ಇದ್ದಿದ್ದನ್ನು ಹೇಳಿದೆ. ಅವಳು ಕೂತು ಏನೋ ಬರ್ಕೊಂಡಳು. ಆಮೇಲೆ ಊಟದ ಸಾಲಿನಲ್ಲಿ ಸಿಕ್ಕಿ, ಪಿಜಿ ಬಾಡಿಗೆ ಕಳೆದರೆ ಆರು ತಿಂಗಳು ನಿಭಾಯಿಸೋಕೆ ಎಷ್ಟು ಕೂಡಿಡಬೇಕು ಅಂತ ಲೆಕ್ಕ ಹಾಕಿದೆ ಮೇಡಂ ಅಂದಳು. ಅಪ್ಪ ವಕೀಲರಾಗಿದ್ದರೆ ಈ ಲೆಕ್ಕ ಮನೆಯಲ್ಲೇ ಮುಗಿದಿರ್ತಿತ್ತು. ಅವಳ ಮನೇಲಿ ಕರಿ ಕೋಟು ಹಾಕೋ ಮೊದಲಿಗಳು ಅವಳೇ. ಹೊರಗಿನಿಂದ ಬರೋ ವಕೀಲರನ್ನು ನೇರವಾಗಿ ಕೇಳೋಕೆ ಅವಳಿಗೆ ಸಿಗೋದು ವರ್ಷಕ್ಕೆ ಇಂಥ ಒಂದೋ ಎರಡೋ ದಿನ. ಅದರಲ್ಲೂ ಮೈಕ್ ಕಿತ್ಕೊಂಡರೆ?

ಇದನ್ನ ಓದ್ತಿರೋರಲ್ಲಿ ಕಿರಿಯ ವಕೀಲರು ಇದ್ದೇ ಇರ್ತೀರಿ. ನಿಮ್ಮ ಕಾಲೇಜು ಕರೆದರೆ ದಯವಿಟ್ಟು ಹೋಗಿ. ಒಂದು ಹಳೇ ಫೈಲು ಹಿಡ್ಕೊಂಡು ಹೋಗಿ, ಹೆಸರು-ವಿಳಾಸ ಅಳಿಸಿ.

ಮುಂದಿನ ತಿಂಗಳು ಮತ್ತೊಂದು ಕಾಲೇಜು ಕರೆದಿದೆ. ಪ್ರಾಂಶುಪಾಲರಿಗೆ ಫೋನಲ್ಲೇ ಹೇಳಿದೆ: ನನ್ನ ಪರಿಚಯ ಎರಡು ಸಾಲು ಸಾಕು, ಎರಡು ಗಂಟೆ ಬೇಕು, ಮೇಜುಗಳನ್ನು ಗುಂಪಾಗಿ ಜೋಡಿಸಿ, ಪ್ರಶ್ನೆ ಯಾವುದು ಬೇಕಾದರೂ ಕೇಳಲಿ. ಎಲ್ಲಕ್ಕೂ ಒಪ್ಪಿಕೊಂಡರು. ಒಂದು ಕ್ಷಣ ತಡೆದು, ‘ಶಾಲು ಒಂದು ಇರ್ಲಿ ಮೇಡಂ, ಫೋಟೋಗೆ’ ಅಂದರು.