ಅಂಚಿನ ಅಕ್ಷರ

ಹಳೆಯ ಕಾದಂಬರಿಗಳನ್ನು ಕೂಡಿಡುವ ಹುಚ್ಚು ಹತ್ತಿದವನಿಗೆ ಪರರ ಮನೆಯ ಅಟ್ಟವೂ ನಿಧಿಯಂತೆಯೇ ತೋರುವುದು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಬಂಕಿಮಚಂದ್ರರ ಕಥೆಗಳು, ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ತಂದ ಐತಿಹಾಸಿಕ ಕಥೆಗಳು! ಕುದುರೆ, ಕತ್ತಿ, ಕೋಟೆಗಳ ಈ ಸಾಹಸಗಳಿಂದಲೇ ನಮ್ಮ ಹಿರಿಯರಿಗೆ ಕಾದಂಬರಿಯ ರುಚಿ ಹತ್ತಿತು. ಗಳಗನಾಥರಂತೂ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಹುಟ್ಟಿದ ಹಾವನೂರಿರುವುದು, ನಮ್ಮ ಹೊನ್ನಾಳಿಯನ್ನು ಹಾದುಹೋಗುವ ತುಂಗಭದ್ರೆಯ ದಡದಲ್ಲಿಯೇ.

ಮೊದಲ ಹಾಳೆ ಹರಿದುಹೋದ ಪ್ರತಿಯ ವಯಸ್ಸನ್ನು ತಿಳಿಯುವುದೂ ಒಂದು ವಿನೋದ. ಬೆಲೆ ಆಣೆಗಳಲ್ಲಿದ್ದರೆ ಅದು ಸಾಮಾನ್ಯವಾಗಿ ೧೯೫೭ಕ್ಕೆ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ ೧೯೫೭ರಿಂದ ೧೯೬೪ರ ನಡುವಣದು. ವಾಚನಾಲಯದ ಮೊಹರಿನಲ್ಲಿ ‘ಚನ್ನಗಿರಿ, ಶಿವಮೊಗ್ಗ ಜಿಲ್ಲೆ’ ಎಂದೋ ‘ಜಗಳೂರು, ಚಿತ್ರದುರ್ಗ ಜಿಲ್ಲೆ’ ಎಂದೋ ಇದ್ದರೆ, ಅದನ್ನು ಕೆತ್ತಿಸಿದ್ದು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುನ್ನ.

ಇಷ್ಟೆಲ್ಲ ಬಲ್ಲೆನೆಂಬ ಬಿಂಕ ನನಗಿತ್ತು. ನ್ಯಾಮತಿಯ ವೃದ್ಧೆಯೊಬ್ಬರು ‘ದುರ್ಗೇಶನಂದಿನಿ’ಯ ಹಳೆಯ ಪ್ರತಿಯೊಂದನ್ನು ನನ್ನ ಕೈಗಿತ್ತು, “ಓದಿ ತಂದುಕೊಡಪ್ಪಾ, ನಮ್ಮವ್ವನದು ಅದು” ಎಂದರು. ಹೊಲಿಗೆ ಬಿಚ್ಚಿತ್ತು, ಹಾಳೆ ಕಂದಿತ್ತು. ಉಪಕಾರ ಸ್ಮರಣೆಗೆಂದು ರಟ್ಟು ಕಟ್ಟುವವನಿಗೆ ಕೊಟ್ಟೆ. ಆತನು ಮೂರು ಕಡೆಯೂ ಅಂಚನ್ನು ನುಣ್ಣಗೆ ಕತ್ತರಿಸಿ, ಕೆಂಪು ರೆಕ್ಸಿನ್ ಹೊದಿಸಿ ಕೊಟ್ಟನು. ಪುಸ್ತಕ ಮದುಮಗಳಂತೆ ಕಂಗೊಳಿಸಿತು.

ಹಿಂದಿರುಗಿಸಲು ಹೋದಾಗ ಆ ತಾಯಿ ಹಾಳೆಗಳನ್ನು ಮಗುಚಿ, ಅಂಚಿನ ಮೇಲೆ ಬೆರಳಾಡಿಸಿದರು. “ಅವ್ವ ಸಂಜೆ ಗಟ್ಟಿಯಾಗಿ ಓದುತ್ತಿದ್ದಳು. ನಿಲ್ಲಿಸಿದ ಕಡೆ ಪೆನ್ಸಿಲಿನಿಂದ ತೇದಿ ಬರೆದಿಡುತ್ತಿದ್ದಳು. ಅವಳ ಕೈಬರಹ ಅಂತ ಇದ್ದದ್ದು ಅದೊಂದೇ.”

ಆ ಗುರುತುಗಳನ್ನು ನಾನು ಕಂಡಿದ್ದೆ, ವಾಚಕರೇ! ಕೊಳೆಯೆಂದು ಬಗೆದಿದ್ದೆ. ಮೊಹರನ್ನೂ ಆಣೆಯನ್ನೂ ಓದಬಲ್ಲ ಎಂ.ಎ. ಕಣ್ಣಿಗೆ ಅದೊಂದು ಕಾಣಲಿಲ್ಲ.

“ಕಥೆ ಉಳಿಯಿತಲ್ಲ, ಬಿಡಪ್ಪಾ” ಎಂದು ಅವರು ಕಾಫಿ ತಂದಿಟ್ಟರು. ಅದನ್ನು ಕುಡಿದೇಳುವುದು ನನಗೆ ಕಷ್ಟವಾಯಿತು.

ನಿಮ್ಮ ಮನೆಯಲ್ಲಿ ಅಂಥ ಪುಸ್ತಕವಿದ್ದರೆ ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವವೂ ಬಿಸಿಲೂ ತಾಗದೆಡೆಯಲ್ಲಿರಿಸಿ. ರಟ್ಟು ಕಟ್ಟಿಸಲೇಬೇಕಾದರೆ ಅಂಚಿಗೆ ಕತ್ತರಿ ತಾಗಿಸಕೂಡದೆಂದು ಮೊದಲೇ ಹೇಳಿ. ಅದಕ್ಕೂ ಮುನ್ನ ಮನೆಯ ಹಿರಿಯರನ್ನು ಕೂರಿಸಿಕೊಂಡು, ಒಂದೊಂದು ಹಾಳೆಯ ಅಂಚನ್ನೂ ಓದಿಬಿಡಿ.