ತೂಕಕ್ಕೆ ಹಾಕಿದ ಹೆಸರುಗಳು

ಚಾಮರಾಜಪೇಟೆಯ ನಮ್ಮ ಬೀದಿ ತುದಿಯ ಹಳೇ ಪೇಪರ್ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಒಂದು ಗೋಣಿಮೂಟೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಒಳಗೆ ದಪ್ಪ ರಟ್ಟಿನ ರಿಜಿಸ್ಟರು. ಎತ್ತಿ ತೆರೆದೆ. ಗೆದ್ದಲು ತಿಂದ ಅಂಚು, ತುಕ್ಕು ಹಿಡಿದ ಗುಂಡುಪಿನ್ನು, ಕಂದಿಹೋದ ಶಾಯಿ. ಹೆಸರು, ವಯಸ್ಸು, ಊರು, ಸೇರಿಸಿದ ದಿನ. ಕೊನೆಯ ಕಾಲಮ್ಮಿನಲ್ಲಿ ಕೆಲವರಿಗೆ 'ಬಿಡುಗಡೆ', ಕೆಲವರಿಗೆ 'ಮರಣ'. ಒಬ್ಬ ಹೆಂಗಸಿನ ಹೆಸರಿನೆದುರು ಮಾತ್ರ ಏನೂ ಬರೆದಿರಲಿಲ್ಲ. ಯಾವುದೋ ಮಾನಸಿಕ ಆಸ್ಪತ್ರೆ ಜಾಗ ಖಾಲಿ ಮಾಡಿಕೊಂಡಿತ್ತು. ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕಸುಬೇ ಕಾಗದ ಕೊಳ್ಳುವುದು. ಸಿಟ್ಟಿರುವುದು ಮಾರಿದವರ ಮೇಲೆ.

ಈ ಊರಿನ ಹುಚ್ಚಾಸ್ಪತ್ರೆ ಬಸವನಗುಡಿ, ಮಲ್ಲೇಶ್ವರಗಳಿಗಿಂತ ಹಳೆಯದು. 1898ರ ಪ್ಲೇಗಿಗೆ ಹೆದರಿ ಜನ ಆ ಬಡಾವಣೆಗಳಿಗೆ ಗುಳೆ ಹೋಗುವುದಕ್ಕೆ ಅರ್ಧ ಶತಮಾನ ಮೊದಲೇ, 1847ರ ಸುಮಾರಿಗೆ, ಪೇಟೆಯಲ್ಲಿ ಲೂನಾಟಿಕ್ ಅಸೈಲಮ್ ಇತ್ತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಡಾ. ಫ್ರಾಂಕ್ ನರೋನ್ಹಾ ಅವರ ಕಾಲದಲ್ಲಿ, ಹೊಸೂರು ರಸ್ತೆಯ ಕಡೆಗೆ ಹೋಯಿತು. ಆ ಆಸ್ಪತ್ರೆಯೇ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಅಲ್ಲಿನ ಹಳೆಯ ಕಡತಗಳನ್ನು ಡಾ. ಸಂಜೀವ್ ಜೈನ್, ಡಾ. ಪ್ರತಿಮಾ ಮೂರ್ತಿ ಅಂಥವರು ಓದಿ ಇತಿಹಾಸ ಬರೆದರು. ಯಾರೋ ಗುಮಾಸ್ತ, ಯಾರೋ ಡಾಕ್ಟರು ಎಸೆಯದೆ ಇಟ್ಟಿದ್ದರಿಂದ ಅಷ್ಟಾದರೂ ಸಿಕ್ಕಿತು.

ಎಸೆಯುವವರ ಬಾಯಲ್ಲಿ ಮೊದಲು ಬರುವ ಮಾತು: ಒಳರೋಗಿಯ ದಾಖಲೆ 3 ವರ್ಷ ಇಟ್ಟರೆ ಸಾಕು. ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮ ವೈದ್ಯರಿಗೆ ಹಾಕಿದ್ದು ಕನಿಷ್ಠ ಗಡುವು. ನಾಲ್ಕನೇ ವರ್ಷ ಸುಟ್ಟುಹಾಕಿ ಎಂದು ಅದು ಎಲ್ಲೂ ಹೇಳಿಲ್ಲ. ಇನ್ನೊಂದು ನೆಪ, ರೋಗಿಗಳ ಗುಟ್ಟು ಬಯಲಾಗುತ್ತದಂತೆ! ಹಾಗಾದರೆ ಬೀಗ ಹಾಕಿ, ಐವತ್ತು ವರ್ಷ ಯಾರಿಗೂ ತೋರಿಸಬೇಡಿ. ಗುಟ್ಟಿನ ಬಗ್ಗೆ ಅಷ್ಟು ಕಾಳಜಿ ಇದ್ದವರು ಅದನ್ನು ಕಡಲೆಕಾಯಿ ಪೊಟ್ಟಣಕ್ಕೆ ಕಳಿಸುತ್ತಾರೆಯೇ?

ರಿಜಿಸ್ಟರಿನ ಆ ಹೆಂಗಸನ್ನು ಮನೆಯವರು ಮರೆತದ್ದೂ ಗೊತ್ತಿದ್ದೇ. ತಂಗಿಯ ಮದುವೆ ಮಾತುಕತೆ ಮುರಿದೀತೆಂದು ಅಂಥವರ ಫೋಟೋ ಗೋಡೆಯಿಂದ ಇಳಿಸುತ್ತಿದ್ದರು. ಮನೆಯಲ್ಲಿ ಹೆಸರೆತ್ತುವುದೂ ನಿಂತುಹೋಗುತ್ತಿತ್ತು. ಅವಳು ಇದ್ದಳು ಎನ್ನುವುದಕ್ಕೆ ಉಳಿದದ್ದು ಸರ್ಕಾರಿ ಶಾಯಿಯ ಒಂದು ಸಾಲು. ಮನೆಯವರು ಹೊರದಬ್ಬಿದವಳನ್ನು, ರಿಜಿಸ್ಟರು ಮಾರಿದವರೇ, ನೀವು ಕಾಗದದಿಂದಲೂ ಹೊರದಬ್ಬಿದಿರಿ. ರಾಜ ದತ್ತಿ ಕೊಟ್ಟ ಶಿಲಾಶಾಸನಕ್ಕೆ ಬೇಲಿ ಹಾಕಿ ಕಾಯುವ ನಾಡು ನಮ್ಮದು. ಅದು ಬೇಕು, ನಾನೂ ಕೈಮುಗಿಯುತ್ತೇನೆ. ಆದರೆ ಬಡವರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಅವರ ಶಾಸನ ಈ ರಿಜಿಸ್ಟರುಗಳೇ.

ಕೇಳಿದಷ್ಟು ದುಡ್ಡು ಕೊಟ್ಟು ಒಂದನ್ನು ಬಿಡಿಸಿಕೊಂಡು ಬಂದೆ. ಅದರ ಜೊತೆಯವು ಹಿಂದಿನ ದಿನವೇ ಲಾರಿ ಹತ್ತಿದ್ದವು.

ಆಸ್ಪತ್ರೆಗಳ ಆಡಳಿತಗಾರರೇ, ಸ್ಟೋರ್ ರೂಮಿನ ಬಾಗಿಲು ತೆಗೆದ ದಿನ ಗುಜರಿಯವನನ್ನು ಕರೆಯಬೇಡಿ. ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರವಿದೆ, ಮೊದಲು ಅಲ್ಲಿಗೆ ಫೋನ್ ಮಾಡಿ.